ಕಪ್ಪೆ ಗಾಡಿಯ ಮೂಗು

ಗ್ಯಾರೇಜಿಗೆ ಹೊಸದಾಗಿ ಸೇರುವವರಿಗೆಲ್ಲ ಮೊದಲ ದಿನವೇ ಎಂಜಿನ್ ಬಿಚ್ಚುವ ಆಸೆ. ನನಗೂ ಇತ್ತು. ಸ್ಪ್ಯಾನರ್ ಕೈಗೆ ಸಿಕ್ಕರೆ ಸಾಕು, ಲಾರಿಯನ್ನೇ ಪುಡಿ ಪುಡಿ ಮಾಡಿ ಮತ್ತೆ ಜೋಡಿಸಿಬಿಡುತ್ತೇನೆ ಅನ್ನುವ ಉಮೇದು. ಆದರೆ ನಮ್ಮ ಉಸ್ತಾದರು ನನ್ನ ಮುಂದೆ ತಂದಿಟ್ಟದ್ದು ಒಂದು ಬೋಗುಣಿ ಸೀಮೆಎಣ್ಣೆ, ಒಂದು ಸವೆದ ಬ್ರಷ್ಷು, ಒಂದು ಜೀಪಿನ ಏರ್ ಕ್ಲೀನರ್. "ಇದನ್ನ ತೊಳಿ. ತೊಳದಾದ ಮೇಲೆ ಇನ್ನೊಂದ್ಸಲ ತೊಳಿ" ಅಂದರು. ಅದನ್ನು ತೊಳೆಯುತ್ತ ತೊಳೆಯುತ್ತಲೇ ನನಗೆ ಮೀಸೆ ಮೂಡಿತು ಅಂದರೆ ಸುಳ್ಳಲ್ಲ.

ನನ್ನ ಹೆಸರು ದಾದಾಪೀರ್. ಚನ್ನಗಿರಿಯವರ ಬಾಯಲ್ಲಿ ಪೀರಣ್ಣ. ಗ್ಯಾರೇಜನ್ನು ನನ್ನ ಜೊತೆ ಬಹಳ ಕಾಲ ದುಡಿದ ಶೇಖರನಿಗೆ ಬಿಟ್ಟುಕೊಟ್ಟು ಈಗ ಮನೆಯಲ್ಲಿದ್ದೇನೆ. ಮನೆಯಲ್ಲಿದ್ದೇನೆ ಅನ್ನುವುದು ಮಾತಿಗೆ ಅಷ್ಟೆ. ಬೆಳಿಗ್ಗೆ ಚಹಾ ಕುಡಿಯುವ ನೆಪದಲ್ಲಿ ಗ್ಯಾರೇಜಿಗೆ ಹೋಗಿ, ಎಲ್ಲರ ಕೆಲಸದಲ್ಲೂ ಒಂದೊಂದು ಹುಳುಕು ಹುಡುಕಿ, ಅವರ ತಲೆ ಕೆಡಿಸಿ, ನೆಮ್ಮದಿಯಿಂದ ವಾಪಸ್ ಬರುತ್ತೇನೆ. ಈ ಕಾಟ ತಡೆಯಲಾರದೆ ಶೇಖರ ಒಂದು ದಿನ, "ಪೀರಣ್ಣ, ಬಾಯಲ್ಲಿ ಹೇಳೋದನ್ನೆಲ್ಲ ಬರದಾದ್ರೂ ಇಡ್ರಿ, ಹುಡುಗ್ರು ಬೇಕಾದಾಗ ಓದ್ಕಂತಾರೆ" ಅಂದ. ನನ್ನ ಬಾಯಿ ಮುಚ್ಚಿಸುವ ಉಪಾಯ ಅದು. ಗೊತ್ತಿದ್ದೂ ಬರೆಯಲು ಕೂತಿದ್ದೇನೆ.

ಎಂಜಿನ್ನಿಗೆ ಎಣ್ಣೆ ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಆ ಗಾಳಿಯಲ್ಲಿರುವ ಧೂಳನ್ನು ಹಿಡಿದಿಟ್ಟು, ಶುದ್ಧ ಗಾಳಿಯನ್ನು ಮಾತ್ರ ಒಳಗೆ ಬಿಡುವುದು ಏರ್ ಕ್ಲೀನರ್. ನನ್ನ ಕಾಲದ ಜೀಪು, ಟ್ರ್ಯಾಕ್ಟರುಗಳಲ್ಲಿ ಅದು ಒಂದು ಕಬ್ಬಿಣದ ಡಬ್ಬಿ. ತಳದಲ್ಲಿ ಎಣ್ಣೆ, ಮೇಲೆ ತಂತಿಯ ಜಾಳಿಗೆ. ಧೂಳು ಬಂದು ಎಣ್ಣೆಯಲ್ಲಿ ಬಿದ್ದು ಕೆಸರಾಗಿ ಕೂರುತ್ತಿತ್ತು. ಅದನ್ನು ತೊಳೆಯದೆ ಬಿಟ್ಟರೆ ಧೂಳು ಎಂಜಿನ್ನಿನೊಳಗೆ ಹೋಗಿ ಉಪ್ಪುಕಾಗದದ ಹಾಗೆ ಉಜ್ಜಿ ಉಜ್ಜಿ ತಿನ್ನುತ್ತದೆ. ಗಾಡಿ ಹೊಗೆ ಉಗುಳುವುದಕ್ಕೆ ಶುರುಮಾಡುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಹಂಗಾಗಿ ಉಸ್ತಾದರು ಈ ಕೆಲಸವನ್ನು ಯಾರೂ ಸಸಾರ ಮಾಡಲು ಬಿಡುತ್ತಿರಲಿಲ್ಲ.

ಉಸ್ತಾದರು ಅಂದರೆ ಹಾಲಪ್ಪನವರು. ನ್ಯಾಮತಿ ಕಡೆಯವರು. ಲಿಂಗ ಕಟ್ಟಿದ ಮನುಷ್ಯ, ವಿಭೂತಿ ಇಲ್ಲದೆ ಹಣೆ ತೋರಿಸಿದವರಲ್ಲ. ಆದರೂ ಗ್ಯಾರೇಜಿನ ರೂಢಿಯಂತೆ ಎಲ್ಲರಿಗೂ ಉಸ್ತಾದ್. ಅವರ ಕೈ ಮಾತಾಡುತ್ತಿತ್ತು, ಬಾಯಿ ಬೈಯುತ್ತಿತ್ತು. ಅವರು ಕಲಿಸಿದ ಕಟ್ಟಳೆ ಎರಡೇ. ಬಾನೆಟ್ಟಿನೊಳಗೆ ಕೈ ಹಾಕುವ ಮೊದಲು ಬ್ಯಾಟರಿ ವೈರ್ ಬಿಚ್ಚಬೇಕು. ಏರ್ ಕ್ಲೀನರ್ ತೆಗೆದ ಕೂಡಲೇ ತೆರೆದ ದಾರಿಗೆ ಬಟ್ಟೆ ತುರುಕಬೇಕು. ಮರೆತವನಿಗೆ ಅವತ್ತು ಚಹಾ ಇಲ್ಲ. ನನಗೆ ಚಹಾ ತಪ್ಪಿದ ದಿನಗಳು ಬಹಳ ಇದ್ದವು.

ತೊಳೆದು ತೊಳೆದು ನನಗೊಂದು ವಿದ್ಯೆ ಬಂತು. ಡಬ್ಬಿಯ ತಳದ ಕೆಸರು ನೋಡಿ ಗಾಡಿ ಯಾವ ಕಡೆ ಓಡಾಡಿದೆ ಅಂತ ಹೇಳುತ್ತಿದ್ದೆ. ಚನ್ನಗಿರಿ ಗಾಡಿಯಾದರೆ ಸುಗ್ಗಿಯಲ್ಲಿ ಅಡಿಕೆ ಸಿಪ್ಪೆಯ ನಾರು. ಹೊನ್ನಾಳಿಯದಾದರೆ ರೈಸ್ ಮಿಲ್ಲಿನ ಭತ್ತದ ಹೊಟ್ಟು. ನ್ಯಾಮತಿಯದಾದರೆ ಮೆಕ್ಕೆಜೋಳದ ತೆಳ್ಳನೆಯ ಸಿಪ್ಪೆ. ಜಗಳೂರಿನ ಧೂಳು ಮಾತ್ರ ಮೈದಾ ಹಿಟ್ಟಿನಷ್ಟು ನುಣುಪು. ಬೆರಳಿಗೆ ಹತ್ತಿದರೆ ಮೂರು ಸಲ ಸೋಪು ಹಚ್ಚಬೇಕು. ಈ ವಿದ್ಯೆಯಿಂದ ನನಗೆ ಸ್ವಲ್ಪ ಜಂಬವೂ ಬಂತು.

ಜಂಬದ ಕೋಳಿಗೆ ಆದದ್ದೇ ನನಗೂ ಆಯಿತು. ಒಬ್ಬ ವ್ಯಾಪಾರಸ್ಥರ ಜೀಪು ಬಂದಿತ್ತು. ಯಜಮಾನರೂ ಡ್ರೈವರ್ ಬಸವರಾಜನೂ ಪಕ್ಕದಲ್ಲೇ ನಿಂತಿದ್ದರು. ನಾನು ಡಬ್ಬಿ ಬಿಚ್ಚಿ, ಬೆರಳಿಗೆ ಕೆಸರು ತೆಗೆದುಕೊಂಡು, ಹಕೀಮನ ಗತ್ತಿನಲ್ಲಿ, "ಏನ್ ಸಾವಕಾರ್ರೆ, ಗಾಡಿ ಜಗಳೂರಿಗೆ ಹೋಗಿತ್ತಾ?" ಅಂದೆ.

"ಜಗಳೂರಾ? ನಾನು ಇವನನ್ನ ಹೊನ್ನಾಳಿಗೆ ಕಳಿಸಿದ್ನಲ್ಲಪ್ಪ" ಅಂದರು ಯಜಮಾನರು. ಬಸವರಾಜನ ಮುಖ ಸುಟ್ಟ ಬದನೆಕಾಯಿ ಆಯಿತು. ಆಮೇಲೆ ತಿಳಿಯಿತು, ಪಾಪ, ಅವನು ಯಜಮಾನರ ಜೀಪಿನಲ್ಲಿ ಜಗಳೂರಿಗೆ ಹೆಣ್ಣು ನೋಡಲು ಹೋಗಿದ್ದ. ಉಸ್ತಾದರು ನನ್ನ ಕಿವಿ ಹಿಂಡಿ, "ಲೇ ಪೀರ, ಡಾಕ್ಟ್ರು ರೋಗಿ ಗುಟ್ಟು ಊರಿಗೆಲ್ಲ ಸಾರ್ತಾರೇನೋ? ಕಸ ತೆಗಿ, ಕಥಿ ತೆಗೀಬ್ಯಾಡ" ಅಂದರು. ಬಸವರಾಜ ತಿಂಗಳುಗಟ್ಟಲೆ ನನ್ನ ಕಡೆ ತಿರುಗಿ ನೋಡಲಿಲ್ಲ. ಕೊನೆಗೆ ಅದೇ ಹೆಣ್ಣಿನ ಜೊತೆ ಮದುವೆ ಗೊತ್ತಾದಾಗ ಲಗ್ನಪತ್ರಿಕೆ ತಂದುಕೊಟ್ಟು, "ಜಗಳೂರಿಗೆ ಬರ್ರಿ, ಧೂಳು ಕುಡೀಬಹುದು" ಅಂದ. ನಾನು ಹೋಗಿ ಹೊಟ್ಟೆ ತುಂಬ ಉಂಡು ಬಂದೆ.

ಇನ್ನೊಂದು ಪ್ರಸಂಗ ಸೂರಗೊಂಡನಕೊಪ್ಪದ ಯಾತ್ರೆಯದು. ಒಂದು ಮನೆತನದವರು ಟೆಂಪೊ ತುಂಬ ಜನ, ಪಾತ್ರೆ, ಅಕ್ಕಿ ಮೂಟೆ ಹೇರಿಕೊಂಡು ಹೊರಟಿದ್ದರು. ಗಾಡಿ ನ್ಯಾಮತಿ ದಾಟುವುದರೊಳಗೆ ಏದುಸಿರು ಬಿಟ್ಟು ಕರಿ ಹೊಗೆ ಕಾರುತ್ತ ನಿಂತಿತು. ಆ ಕಾಲಕ್ಕೆ ಎಣ್ಣೆ ಡಬ್ಬಿ ಹೋಗಿ ಕಾಗದದ ಫಿಲ್ಟರು ಬಂದಾಗಿತ್ತು. ನಾನು ಹೋಗಿ ಡಬ್ಬಿ ತೆರೆದು ನೋಡಿದರೆ ಫಿಲ್ಟರು ಹೊಚ್ಚ ಹೊಸದು. ಎಷ್ಟು ಹೊಸದು ಅಂದರೆ, ಅದರ ಪ್ಲಾಸ್ಟಿಕ್ ಕವರನ್ನೇ ತೆಗೆದಿರಲಿಲ್ಲ! ಬಾಯಿ ಹತ್ತಿರ ಒಂಚೂರು ಹರಿದಿದ್ದರಿಂದ ಅಷ್ಟು ದೂರವಾದರೂ ಬಂದಿತ್ತು. ಡ್ರೈವರನನ್ನು ಕೇಳಿದರೆ, "ಕವರ್ ಇದ್ರೆ ಫಿಲ್ಟರ್ ಹೊಲಸಾಗಲ್ಲ ಅಂತ ಬಿಟ್ಟೆ ಅಣ್ಣ" ಅಂದ. ನಗಬೇಡಿ. ನಮ್ಮಲ್ಲಿ ಎಷ್ಟು ಮನೆಗಳ ಸೋಫಾ, ಎಷ್ಟು ಕಾರುಗಳ ಸೀಟು ಇನ್ನೂ ಪ್ಲಾಸ್ಟಿಕ್ಕಿನೊಳಗೇ ಕೂತಿಲ್ಲ ಹೇಳಿ. ಕವರ್ ಕಿತ್ತು ಹಾಕಿದ ಮೇಲೆ ಗಾಡಿ ಕುದುರೆಯಾಯಿತು. ಟೆಂಪೊದಲ್ಲಿದ್ದ ಅಜ್ಜಿಯೊಬ್ಬಳು ನನ್ನ ತಲೆ ಮುಟ್ಟಿ ನೆಟಿಗೆ ಮುರಿದಳು.

ಈಗ ಇದ್ಯಾವುದೂ ಇಲ್ಲ. ಎರಡು ಕ್ಲಿಪ್ಪು ಒತ್ತಿದರೆ ಡಬ್ಬಿ ತೆರೆಯುತ್ತದೆ. ಹಳೇ ಫಿಲ್ಟರ್ ತೆಗೆದು ಹೊಸದು ಇಟ್ಟರೆ ಮುಗಿಯಿತು. ಗಾಳಿಗೆ ಪೆಟ್ರೋಲು ಬೆರೆಸಿ ಎಂಜಿನ್ನಿಗೆ ಕೊಡುತ್ತಿದ್ದ ಕಾರ್ಬೊರೇಟರಿನ ಹೆಸರೇ ಹೊಸಬರಿಗೆ ಗೊತ್ತಿಲ್ಲ. ಕಾಯಿಲೆ ಏನು ಅಂತ ಗಾಡಿಯೇ ಸ್ಕ್ಯಾನರ್‌ನಲ್ಲಿ ಹೇಳುತ್ತದೆ. ನಮ್ಮ ಕಾಲವೇ ಚೆನ್ನಾಗಿತ್ತು ಅಂತ ನಾನು ಹೇಳುವುದಿಲ್ಲ. ಸೀಮೆಎಣ್ಣೆಯಲ್ಲಿ ಕೈ ಬಿರಿದು ಅನ್ನ ಕಲಸಿದಾಗ ಚುರುಗುಡುತ್ತಿದ್ದುದು ನನಗೆ ಮರೆತಿಲ್ಲ. ಶೇಖರನ ಕೈ ಈಗ ಮೇಷ್ಟ್ರ ಕೈಯಷ್ಟು ಮೆತ್ತಗಿದೆ, ಅದನ್ನು ನೋಡಿ ನನಗೆ ಖುಷಿಯೇ.

ಇನ್ನು ಬರೆಯಲೇಬೇಕಾದದ್ದು ಕಪ್ಪೆಯ ವಿಷಯ.

ಅಡಿಕೆ ಮಂಡಿಯ ರುದ್ರಪ್ಪನವರ ಹತ್ತಿರ ಒಂದು ವಿಲಾಯತಿ ಕಾರಿತ್ತು. ಹರೆಯದಲ್ಲಿ ಕಾಫಿ ತೋಟದವರೊಬ್ಬರಿಂದ ಕೊಂಡದ್ದು. ಓಟದ ಪಂದ್ಯಕ್ಕೆಂದೇ ಹುಟ್ಟಿದ ಜಾತಿಯದಂತೆ. ಎರಡೇ ಸೀಟು, ತಲೆ ಮೇಲೆ ಸೂರಿಲ್ಲ, ಎಲೆ ಹಸಿರು ಬಣ್ಣ, ಬಾನೆಟ್ಟಿನ ಮೇಲೆ ಉಬ್ಬಿ ಕೂತ ಎರಡು ದೀಪ. ಊರಿನ ಮಕ್ಕಳು ಇಟ್ಟ ಹೆಸರು ಕಪ್ಪೆ. ರುದ್ರಪ್ಪನವರು ಮೊದಮೊದಲು ಸಿಟ್ಟಾಗಿ, ಕೊನೆಗೆ ತಾವೇ ಕಪ್ಪೆ ಅನ್ನತೊಡಗಿದರು.

ಆ ಗಾಡಿಗೆ ಒಂದಲ್ಲ, ಎರಡು ಕಾರ್ಬೊರೇಟರು. ಒಂದೊಂದಕ್ಕೂ ರೊಟ್ಟಿ ಡಬ್ಬಿಯಂಥ ಒಂದು ದುಂಡನೆಯ ಏರ್ ಕ್ಲೀನರು. ಅದನ್ನು ಮೊದಲ ಸಲ ತೆಗೆದು ಹಾಕಿದಾಗ ನಾನು ಪಟ್ಟ ಪಾಡು ನಾಯಿಯೂ ಪಡಬಾರದು. ಡಬ್ಬಿಗೂ ಕಾರ್ಬೊರೇಟರಿಗೂ ನಡುವೆ ಒಂದು ಕಾಗದದ ಪ್ಯಾಕಿಂಗ್ ಬರುತ್ತದೆ. ಅದರಲ್ಲಿ ಸಾಸಿವೆ ಕಾಳಿನಂಥ ಸಣ್ಣ ತೂತುಗಳು. ನಾನು ಅದನ್ನು ತಲೆಕೆಳಗು ಮಾಡಿ ಕೂರಿಸಿದೆ. ಗಾಡಿ ಸ್ಟಾರ್ಟ್ ಆಯಿತು, ಆದರೆ ಆಕ್ಸಿಲರೇಟರ್ ಎಷ್ಟು ತುಳಿದರೂ ಎಮ್ಮೆ ನಡಿಗೆ. ಕಾರ್ಬೊರೇಟರನ್ನೇ ಬಿಚ್ಚಿ ಹರವಿಕೊಂಡು ಕೂತೆ. ಉಸ್ತಾದರು ಬಂದು ನೋಡಿ, "ಆ ತೂತು ಮುಚ್ಚಿದ್ರೆ ಒಳಗಿನ ಬಾಗಿಲು ಹೆಂಗೋ ಏಳುತ್ತೆ? ತೂತಿಗೆ ತೂತು ಕೂಡಿಸು" ಅಂದರು. ಆ ಒಳಗಿನ ಬಾಗಿಲ ವಿಷಯ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಈ ಜಾತಿಯ ಕಾರ್ಬೊರೇಟರಿನ ಒಳಗೆ ಒಂದು ಪುಟ್ಟ ಲೋಹದ ಬಾಗಿಲು ಇರುತ್ತದೆ. ಎಂಜಿನ್ ಉಸಿರೆಳೆದರೆ ಅದು ಮೇಲೇಳುತ್ತದೆ, ಎಂಜಿನ್ ನಿಂತಿದ್ದರೆ ಮುಚ್ಚಿಕೊಂಡಿರುತ್ತದೆ.

ಉಸ್ತಾದರು ತೀರಿಕೊಂಡ ಮೇಲೂ ಕಪ್ಪೆ ನನ್ನ ಕೈಗೇ ಬರುತ್ತಿತ್ತು. ರುದ್ರಪ್ಪನವರು ಬಂದರೆಂದರೆ ಮೊದಲು ಎಂಜಿನ್ನಿನ ವರದಿ. ಯಾವ ಉಬ್ಬಿನಲ್ಲಿ ಏನು ಶಬ್ದ ಬಂತು, ಯಾವ ಗೇರಿನಲ್ಲಿ ಹೇಗೆ ಎಳೆಯಿತು, ಹೊಗೆಯ ಬಣ್ಣ ಯಾವುದು. ಕಿವಿ ಮಂದವಾದ ಮೇಲೂ ಸ್ಟೇರಿಂಗ್ ಮೇಲೆ ಕೈ ಇಟ್ಟು ನಡುಕದಲ್ಲೇ ಶಬ್ದ ತಿಳಿಯುತ್ತಿದ್ದರು. ಆ ಪಕ್ಕದ ಸೀಟಿನಲ್ಲಿ ಊರಿನ ಅರ್ಧ ಗಂಡಸರು ಕೂತಿದ್ದಾರೆ. ರುದ್ರಪ್ಪನವರ ಹೆಂಡತಿ ಪಾರ್ವತಮ್ಮನವರು ಮಾತ್ರ ಕೂತದ್ದನ್ನು ನಾನು ಕಂಡಿರಲಿಲ್ಲ. "ಜನ ನೋಡ್ತಾರೆ ಅಂತ ನಾಚ್ಕಂತಾಳೆ ಪೀರಣ್ಣ" ಅಂತ ರುದ್ರಪ್ಪನವರು ನಗುತ್ತಿದ್ದರು. ಎಷ್ಟು ವರ್ಷ ಕಳೆದರೂ ಆ ನಗೆಯ ಹಿಂದೆ ಒಂದು ಬೇಜಾರು ಇತ್ತು.

ನಾನು ಗ್ಯಾರೇಜು ಬಿಡುವ ಮುಂಚಿನ ದಸರಾ. ಕಣ್ಣಿನ ಡಾಕ್ಟರು ರುದ್ರಪ್ಪನವರಿಗೆ, ಈ ವರ್ಷ ಮುಗಿದ ಮೇಲೆ ಸ್ಟೇರಿಂಗ್ ಹಿಡಿಯಬೇಡಿ ಅಂದುಬಿಟ್ಟಿದ್ದರು. ಮನೆಯಲ್ಲಿ ಆ ಗಾಡಿ ಓಡಿಸುವವರು ಇನ್ಯಾರೂ ಇಲ್ಲ. ಹಬ್ಬಕ್ಕೆ ಮೊದಲು ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತು, ಕಿವಿ ಮಂದದವರ ದೊಡ್ಡ ದನಿಯಲ್ಲಿ ಗುಟ್ಟು ಹೇಳಿದರು. "ಪೀರಣ್ಣ, ಪಾರ್ವತಿ ಈ ಸಲ ಕುಂದರಾಕೆ ಒಪ್ಪ್ಯಾಳೆ. ಆಯುಧ ಪೂಜಿ ದಿನ ಸೂಳೆಕೆರೆ ಏರಿತನಕ ಹೋಗಿ ಬರಾದು. ನನ್ನ ಕೈಲಿ ಆಗಾದು ಇದೊಂದೇ ಸಲ. ಗಾಡಿ ಕೈ ಕೊಡಬಾರ್ದು ನೋಡು." ಇಡೀ ಗ್ಯಾರೇಜು ಆ ಗುಟ್ಟು ಕೇಳಿತು. ಯಾರೂ ನಗಲಿಲ್ಲ.

ನಾನು ಗಾಡಿ ಪೂರ್ತಿ ನೋಡಿದೆ. ಎಂಜಿನ್ ಗಟ್ಟಿ. ಏರ್ ಕ್ಲೀನರುಗಳು ಮಾತ್ರ ಹೋಗಿದ್ದವು. ತಂತಿಯ ಜಾಳಿಗೆ ತುಕ್ಕು ಹಿಡಿದು ಮುಟ್ಟಿದರೆ ಉದುರುತ್ತಿತ್ತು. ಆ ತುಕ್ಕಿನ ಚೂರೇ ಒಳಗೆ ಹೋದರೆ ಧೂಳಿಗಿಂತ ಕೆಟ್ಟದ್ದು. ಶೇಖರ ಫೋನಿನಲ್ಲೇ ಹುಡುಕಿ ಅದೇ ಅಳತೆಯ ಹೊಸ ಜೋಡಿಯನ್ನು ತರಿಸಿದ. ಅವು ಕೈಗೆ ಬಂದದ್ದು ಹಬ್ಬದ ಬೆಳಿಗ್ಗೆಯೇ. ಬ್ಯಾಟರಿ ವೈರ್ ಬಿಚ್ಚಿದೆ, ಹಳೆಯ ಡಬ್ಬಿಗಳನ್ನು ಇಳಿಸಿದೆ, ಎರಡೂ ಕಾರ್ಬೊರೇಟರಿಗೆ ಬನಿಯನ್ ಬಟ್ಟೆ ತುರುಕಿದೆ. ಹೊಸದನ್ನು ಕೂರಿಸಬೇಕು ಅನ್ನುವಷ್ಟರಲ್ಲಿ ರುದ್ರಪ್ಪನವರು ತಡೆದರು. "ತಡಿಯಪ್ಪ, ಹೊಸ ಸಾಮಾನು ಪೂಜಿ ಆಗದೆ ಗಾಡಿಗೆ ಹಾಕಾದಾ? ತಟ್ಟೆಗೆ ಇಡು. ಮಂಗಳಾರತಿ ಆದ ಮೇಲೆ ಕೂರಿಸು." ಅದೂ ಸರಿಯೇ. ನಮ್ಮ ಗ್ಯಾರೇಜಿನಲ್ಲಿ ಉಸ್ತಾದರ ಕಾಲದಿಂದ ಹೊಸ ಸ್ಪ್ಯಾನರ್ ಕೂಡ ಕುಂಕುಮ ಹಚ್ಚಿಸಿಕೊಳ್ಳದೆ ಕೆಲಸಕ್ಕೆ ಇಳಿದಿಲ್ಲ. ನಾನು ಮುಸಲ್ಮಾನ, ಪೂಜೆ ಮಾಡುವುದು ಶೇಖರ, ಆದರೆ ಮಂಡಕ್ಕಿ ಹಂಚುವುದು ಪ್ರತಿ ವರ್ಷ ನಾನೇ.

ಬಾನೆಟ್ಟು ತೆರೆದೇ ಇತ್ತು. ಜನ ಸೇರಿದರು. ಪಾರ್ವತಮ್ಮನವರು ಹಸಿರು ಇಳಕಲ್ ಸೀರೆ ಉಟ್ಟು, ಶಾಲು ಹೊದ್ದು, ಎಡೆಯ ತಟ್ಟೆ ಹಿಡಿದು ಆಟೊದಲ್ಲಿ ಬಂದರು. ನಾನು ಮಂಡಕ್ಕಿ ಚೀಲ ತರಲು ಹಿಂದಿನ ಕೋಣೆಗೆ ಹೋದೆ. ಶೇಖರ ಊದಿನಕಡ್ಡಿ ಬೆಳಗಿ, ಕಾಯಿ ಒಡೆದು, ಮಂಗಳಾರತಿ ಎತ್ತಿದ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟದ್ದಾಯಿತು. ಪೂಜೆ ಮುಗಿದ ಕೂಡಲೇ ಗಾಡಿ ಸ್ಟಾರ್ಟ್ ಆಗಿ ನಿಂಬೆಹಣ್ಣಿನ ಮೇಲೆ ಹಾದು ಮುಂದಕ್ಕೆ ಹೋಗಬೇಕು. ಒಂದೇ ಸಲಕ್ಕೆ ಸ್ಟಾರ್ಟ್ ಆಗದಿದ್ದರೆ ಅಪಶಕುನ ಅನ್ನುವುದು ನಮ್ಮ ಕಡೆಯ ನಂಬಿಕೆ.

ನಾನು ತಟ್ಟೆಯಿಂದ ಹೊಸ ಫಿಲ್ಟರ್ ಎತ್ತಿಕೊಂಡು ಬಾನೆಟ್ಟಿನೊಳಗೆ ಬಗ್ಗಿದೆ. ನಾನು ತುರುಕಿದ್ದ ಬಟ್ಟೆ ಇರಲಿಲ್ಲ. ಕಾರ್ಬೊರೇಟರಿನ ಎರಡು ದುಂಡು ಬಾಯಿಯ ತುಂಬ ಮಂಡಕ್ಕಿ, ಕೊಬ್ಬರಿ ತುರಿ, ಸಕ್ಕರೆ. ನೀಟಾಗಿ, ಎರಡಕ್ಕೂ ಸಮನಾಗಿ ಬಡಿಸಿದ ಎಡೆ!

ಪಕ್ಕದಿಂದ ಇಣುಕಿದರೆ ರುದ್ರಪ್ಪನವರು, ಡಬ್ಬಿ ಕೂರಿಸಿಯಾಯಿತು ಅಂದುಕೊಂಡು, ಆಗಲೇ ಸೀಟಿನಲ್ಲಿ ಕೂತು ಎಳೆದು ಸ್ಟಾರ್ಟ್ ಮಾಡುವ ಸೆಲ್ಫ್ ಗುಂಡಿಗೆ ಕೈ ಹಾಕಿದ್ದಾರೆ. ನಮ್ಮಿಬ್ಬರ ನಡುವೆ ಬಾನೆಟ್ಟು ಗೋಡೆಯಾಗಿ ನಿಂತಿತ್ತು. "ಎಳೀಬ್ಯಾಡ್ರಿ ಸಾವಕಾರ್ರೆ!" ಅಂತ ಕೂಗಿದೆ. ಅವರ ಕಿವಿಗೆ ಅದು ಜೈಕಾರ ಅನ್ನಿಸಿತೋ ಏನೋ, ನಗುತ್ತ ಗುಂಡಿ ಎಳೆದೇಬಿಟ್ಟರು. ಎಂಜಿನ್ ಒಂದು ಸುತ್ತು ತಿರುಗಿದ್ದರೂ ಸಕ್ಕರೆ ನೇರವಾಗಿ ಒಳಗೆ. ಆ ಎಂಜಿನ್ನಿಗೆ ಬೇಕಾಗುವ ಸಾಮಾನು ದೇಶದಲ್ಲಿ ಎಲ್ಲಿ ಸಿಗುತ್ತದೋ ನನಗೆ ಗೊತ್ತಿಲ್ಲ. ವರ್ಷ ಮುಗಿಯುವುದರೊಳಗೆ ಅದು ಮತ್ತೆ ಓಡುವ ಮಾತಂತೂ ಇಲ್ಲ.

ಏನೂ ಆಗಲಿಲ್ಲ. ಸಣ್ಣ ಟಿಕ್ ಶಬ್ದವೂ ಇಲ್ಲ. ಬ್ಯಾಟರಿ ವೈರು ನಾನು ಬಿಚ್ಚಿ ಇಟ್ಟಲ್ಲೇ ಇತ್ತು. ಹೋದ ಜೀವ ಬಂದಂತಾಯಿತು. ಉಸ್ತಾದರನ್ನು ಮನಸ್ಸಿನಲ್ಲೇ ನೆನೆದೆ.

ಆದರೆ ನೆರೆದವರಿಗೆ ಕಂಡದ್ದು ಬೇರೆ. ಪೂಜೆ ಆಯಿತು, ಗುಂಡಿ ಎಳೆದರು, ಗಾಡಿ ಸ್ಟಾರ್ಟ್ ಆಗಲಿಲ್ಲ. ಗುಸುಗುಸು ಶುರುವಾಯಿತು. ಪಾರ್ವತಮ್ಮನವರ ಮುಖ ಬಾಡಿಹೋಯಿತು. "ನಾನು ಬಂದು ಮುಟ್ಟಿದ್ದಕ್ಕೇ ಹಿಂಗಾತು ನೋಡು. ನಾನು ಆಟೊದಾಗೆ ಮನಿಗೆ ಹೋಗ್ತೀನಿ" ಅಂತ ಹೊರಟರು. ರುದ್ರಪ್ಪನವರು ಅರ್ಥವಾಗದೆ ಕೂತಲ್ಲೇ ಕೂತಿದ್ದರು. ಅವರ ಮುಖ ನೋಡಲು ನನಗೆ ಆಗಲಿಲ್ಲ.

"ಅಮ್ಮಾರೆ, ನಿಂದರ್ರಿ" ಅಂದೆ. "ಗಾಡಿ ಸ್ಟಾರ್ಟ್ ಆಗದಂಗೆ ಮಾಡಿದೋನು ನಾನು. ಬ್ಯಾಟರಿ ವೈರ್ ಬಿಚ್ಚಿಟ್ಟೀನಿ. ಬಂದು ನೋಡ್ರಿ ಬೇಕಾದ್ರೆ." ಅವರು ಅನುಮಾನದಿಂದಲೇ ಬಂದು ಬಗ್ಗಿ ನೋಡಿದರು. ಅಲ್ಲಿ ತಾವು ಬಡಿಸಿದ್ದು ಹಾಗೇ ಇದ್ದದ್ದು ಕಂಡು, "ಎಡಿ ಇಟ್ಟೀನಿ. ಯಾರೋ ಹೊಲಸು ಬಟ್ಟಿ ತುರುಕಿದ್ರು. ಹಬ್ಬದ ದಿನ ಬಾಯಾಗೆ ಅದನ್ನ ಇಟ್ಕಂಡು ಪೂಜಿ ಹೆಂಗಾಗುತ್ತೆ? ತೆಗದು ಬಿಸಾಕಿದೆ" ಅಂದರು.

ಆ ಹೊಲಸು ಬಟ್ಟೆ ತುರುಕಿದ ಯಾರೋ ನಾನೇ. ಶೇಖರ ನಗು ತಡೆಯಲು ಆ ಕಡೆ ತಿರುಗಿದ. ಏನು ಹೇಳುವುದು? ನೀವು ಹಾಕಿದ್ದು ಒಳಗೆ ಹೋಗಿದ್ದರೆ ಎಂಜಿನ್ ಸತ್ತಿತ್ತು ಅಂದರೆ ಈ ತಾಯಿ ಈ ಜನ್ಮದಲ್ಲಿ ಗಾಡಿ ಹತ್ತಿರ ಬರುವುದಿಲ್ಲ. ಸುಳ್ಳು ಹೇಳಲು ನಾಲಗೆ ಏಳಲಿಲ್ಲ. ಅದಕ್ಕೆ ಇದ್ದದ್ದನ್ನೇ ಮೆತ್ತಗೆ ಹೇಳಿದೆ. "ಅಮ್ಮಾರೆ, ಇದು ಬಾಯಿ ಅಲ್ಲ. ಮೂಗು. ಇದರಾಗೆ ಗಾಡಿ ಉಸಿರಾಡುತ್ತೆ. ಊಟ ಬೇರೆ ಕಡೆ."

"ಮೂಗಾ?" ಅಂದರು ಪಾರ್ವತಮ್ಮ. ಇನ್ನೂ ಹತ್ತಿರ ಬಗ್ಗಿದರು. "ಮತ್ತೆ ಈ ಹೊಸ ಡಬ್ಬಿ?"

"ಧೂಳು ತಡ್ಯಾಕೆ. ಧೂಳು ಒಳಗೆ ಹೋದ್ರೆ ಇದರ ಎದಿ ಕೆಡುತ್ತೆ. ಏದುಸಿರು ಬರುತ್ತೆ. ಉಬ್ಬು ಹತ್ತಾಕಾಗಲ್ಲ."

ಪಾರ್ವತಮ್ಮ ಬಾನೆಟ್ಟಿನ ಅಂಚು ಸವರುತ್ತ, "ಹಂಗಾದ್ರೆ ಇದಕ್ಕೂ ನನ್ನ ಕಾಯಿಲಿನೇ" ಅಂದರು.

ಅವರಿಗೆ ದಮ್ಮು ಇತ್ತು. ಅದು ಊರಿಗೇ ಗೊತ್ತು. ಚಳಿಗಾಲದಲ್ಲಿ ಅವರ ಕೆಮ್ಮು ಮಂಡಿಯ ತನಕ ಕೇಳುತ್ತಿತ್ತು. ಆದರೆ ಗಾಡಿಗೂ ದಮ್ಮಿಗೂ ನಂಟು ಹಾಕಿ ಯೋಚಿಸಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅವರು ನನ್ನ ಮುಖ ನೋಡದೆ, ಗಾಡಿಗೇ ಹೇಳುವ ಹಾಗೆ ಹೇಳಿದರು. ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಇದರಲ್ಲಿ ಕೂತು ಜಗಳೂರಿನ ನೆಂಟರ ಮನೆಗೆ ಹೋಗಿದ್ದರಂತೆ. ಆಗಿನ ಮಣ್ಣು ರಸ್ತೆ. ಮುಂದೆ ಒಂದು ಲಾರಿ. ಬಂದ ಮೇಲೆ ವಾರವಿಡೀ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದರಂತೆ. "ಇವರು ಅಷ್ಟು ಖುಷಿಯಾಗಿದ್ರು. ನಿಮ್ಮ ಗಾಡಿಯಿಂದ ಹಿಂಗಾತು ಅನ್ನಾಕೆ ನನಗೆ ಮನಸ್ಸು ಬರಲಿಲ್ಲ. ಜನ ನೋಡ್ತಾರೆ ಅಂದೆ. ಅದೇ ಆಗಿಹೋತು. ಗಾಡಿ ಮೂಗಿಗೆ ಧೂಳು ಹೋಗಬಾರ್ದು ಅಂತ ನೀವೆಲ್ಲ ಎಷ್ಟು ಒದ್ದಾಡ್ತೀರಪ್ಪ. ಛಲೋ ಕೆಲಸ."

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಮೆಚ್ಚಿಕೊಂಡೇ ಹೇಳಿದರು. ರುದ್ರಪ್ಪನವರು ಯಾವಾಗ ಇಳಿದು ಬಂದು ಹೆಂಡತಿಯ ಬೆನ್ನ ಹಿಂದೆ ನಿಂತಿದ್ದರೋ ಗೊತ್ತಾಗಲಿಲ್ಲ. ಎಷ್ಟು ಕೇಳಿಸಿತೋ ಅದೂ ಗೊತ್ತಿಲ್ಲ. ಸಾಕಷ್ಟು ಕೇಳಿಸಿತ್ತು ಅಂತ ಅವರ ಮುಖವೇ ಹೇಳುತ್ತಿತ್ತು.

"ಪಾರ್ವತಿ, ಒಂದು ಮಾತು ಹೇಳಬಾರ್ದಾಗಿತ್ತಾ?" ಅಂದರು.

"ನೀವು ಕೇಳಬಾರ್ದಾಗಿತ್ತಾ?" ಅಂದರು ಪಾರ್ವತಮ್ಮ.

ರುದ್ರಪ್ಪನವರು ಟೊಪ್ಪಿಗೆ ತೆಗೆದು ತಲೆ ಕೆರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಪೀರಣ್ಣ, ಇದಕ್ಕೊಂದು ಬಟ್ಟಿ ಸೂರು ಐತಲ್ಲ, ಡಿಕ್ಕಿಯಾಗೆ. ಅದನ್ನ ಹಾಕಾಕೆ ಬರುತ್ತಾ?" ಅಂದರು. ಆ ಸೂರನ್ನು ಕಟ್ಟಿದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ಸೂರು ಹಾಕಿದರೆ ಕಪ್ಪೆ ಹೋಗಿ ಆಮೆ ಆಗುತ್ತದೆ ಅಂತ ಅವರೇ ಗೇಲಿ ಮಾಡುತ್ತಿದ್ದವರು.

ಮೊದಲು ಮೂಗಿನ ಕೆಲಸ. ಇಲ್ಲಿ ಹೊಸಬರು ಗಮನವಿಟ್ಟು ಓದಿ. ಇಂಥ ಹೊತ್ತಿನಲ್ಲಿ ಕೈ ತಕ್ಷಣ ಕಂಪ್ರೆಸರ್ ಗಾಳಿಯ ಕಡೆ ಹೋಗುತ್ತದೆ. ಹೋಗಬಾರದು. ಗಾಳಿ ಹೊಡೆದರೆ ಹೊರಗಿರುವ ಕಸವೂ ಒಳಗೆ ಸೇರುತ್ತದೆ. ನಾನು ಎರಡೂ ಕಾರ್ಬೊರೇಟರನ್ನು ಅಲುಗದ ಹಾಗೆ ಬಿಚ್ಚಿ, ಬಾಯಿ ಕೆಳಗೆ ಮಾಡಿ ತಟ್ಟೆಯ ಮೇಲೆ ಮೆಲ್ಲಗೆ ತಟ್ಟಿದೆ. ಮಂಡಕ್ಕಿ, ಕೊಬ್ಬರಿ, ಸಕ್ಕರೆ ಉದುರಿತು. ಆ ಒಳಗಿನ ಪುಟ್ಟ ಬಾಗಿಲು ಮುಚ್ಚಿಕೊಂಡೇ ಇದ್ದದ್ದರಿಂದ ಎಲ್ಲ ಹೊಸಿಲಲ್ಲೇ ಉಳಿದಿತ್ತು. ಪೆಟ್ರೋಲಿನಲ್ಲಿ ತೊಳೆದೆ. ಎಂಜಿನ್ನಿಗೆ ಹೋಗುವ ದಾರಿಗೆ ಟಾರ್ಚ್ ಹಿಡಿದು, ಬೆರಳಿಗೆ ಬಿಳಿ ಬಟ್ಟೆ ಸುತ್ತಿ ಒರೆಸಿ ನೋಡಿದೆ. ಮಸಿ ಬಂತು, ಸಕ್ಕರೆಯ ಒಂದು ಹರಳೂ ಬರಲಿಲ್ಲ. "ಅಲ್ಹಮ್ದುಲಿಲ್ಲಾ" ಅಂದೆ. ಪಕ್ಕದಲ್ಲಿ ಶೇಖರ "ಶಿವಾ" ಅಂದ.

ಎಲ್ಲ ಮತ್ತೆ ಕೂರಿಸಿ, ಹೊಸ ಪ್ಯಾಕಿಂಗ್ ಇಟ್ಟು, ಕುಂಕುಮ ಹಚ್ಚಿಸಿಕೊಂಡ ಹೊಸ ಡಬ್ಬಿಗಳನ್ನು ಬಿಗಿದೆ. ಅಷ್ಟರಲ್ಲಿ ರುದ್ರಪ್ಪನವರೂ ಶೇಖರನೂ ಸೇರಿ ಸೂರಿನ ಕೋಲುಗಳ ಜೊತೆ ಕುಸ್ತಿ ಆಡುತ್ತಿದ್ದರು. ಬಟ್ಟೆಗೆ ಇಲಿ ಒಂದು ಕಡೆ ತೂತು ಮಾಡಿತ್ತು. ಪಾರ್ವತಮ್ಮನವರು ಸೆರಗಿನ ಪಿನ್ನು ತೆಗೆದು ಅದಕ್ಕೆ ಚುಚ್ಚಿದರು. ಬ್ಯಾಟರಿ ವೈರ್ ಹಾಕಿದೆ. ರುದ್ರಪ್ಪನವರು ಸೀಟಿಗೆ ಹೋಗುವ ಮೊದಲು ಈ ಕಡೆ ಬಂದು ಹೆಂಡತಿಗೆ ಬಾಗಿಲು ತೆರೆದರು. ಅವರು ಶಾಲನ್ನು ಮೂಗಿನ ಮೇಲೆ ಎಳೆದುಕೊಂಡು, ಬಗ್ಗಿ, ಒದ್ದಾಡಿ, ನಗುತ್ತ ಒಳಗೆ ಕೂತರು. ಗುಂಡಿ ಎಳೆದದ್ದೇ ತಡ ಕಪ್ಪೆ ಗುರ್ ಅಂದಿತು. ನಿಂಬೆಹಣ್ಣು ಪಚಕ್ ಅಂದಿತು. ಜನ ಚಪ್ಪಾಳೆ ತಟ್ಟಿದರು.

ಅವರು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಬ್ಬದ ದಿನ, ಹಾರ ಹಾಕಿಕೊಂಡ ಟ್ರ್ಯಾಕ್ಟರು, ಬೈಕು ಎಲ್ಲ ರಸ್ತೆಯ ಮೇಲೆ. ಸೂರು ಹಾರಿಹೋದರೆ? ಎದುರು ಲಾರಿ ಬಂದರೆ? ಈಗ ಅಲ್ಲಿಗೆ ಡಾಂಬರು ರಸ್ತೆ, ಮಳೆ ಹೋಗಿ ಬಹಳ ದಿನ ಆಗಿಲ್ಲ, ಧೂಳು ಕಮ್ಮಿ ಅಂತ ಶೇಖರ ಸಮಾಧಾನ ಹೇಳಿದ. ನಾನು ಮಂಡಕ್ಕಿ ಹಂಚಿದೆ. ಯಾರಿಗೆ ಎರಡು ಸಲ ಕೊಟ್ಟೆನೋ, ಯಾರಿಗೆ ಕೊಡಲಿಲ್ಲವೋ ನೆನಪಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕಪ್ಪೆ ಮೆಲ್ಲಗೆ ಬಂದು ಗ್ಯಾರೇಜಿನ ಮುಂದೆ ನಿಂತಿತು. ನಾನು ಓಡಿಹೋದೆ. ರುದ್ರಪ್ಪನವರು ಇಳಿದರು. ಇನ್ನು ಎಂಜಿನ್ನಿನ ವರದಿ ಶುರುವಾಗುತ್ತದೆ ಅಂತ ಕಾದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡು, ಬೀದಿಗೆಲ್ಲ ಕೇಳುವ ದನಿಯಲ್ಲಿ, "ಪೀರಣ್ಣ, ಪಾರ್ವತಿ ಹೋಗಿ ಬರೋವರ್ಗೂ ಒಂದ್ಸಲಾನೂ ಕೆಮ್ಮಲಿಲ್ಲ ಕಣಯ್ಯ!" ಅಂದರು. ಎಂಜಿನ್ನಿನ ಬಗ್ಗೆ ಒಂದು ಮಾತೂ ಇಲ್ಲ. ಕೇಳಬೇಕು ಅಂತ ನನಗೂ ಅನ್ನಿಸಲಿಲ್ಲ.

ಪಾರ್ವತಮ್ಮನವರು ಇಳಿಯಲೇ ಇಲ್ಲ. ಸೂರಿನ ಕೆಳಗಿನಿಂದ ತಲೆ ಹೊರಗೆ ಹಾಕಿ, "ರೀ, ಹತ್ರಿ ಬೇಗ. ನಾಳೆ ನ್ಯಾಮತಿ ಅಕ್ಕನ ಮನಿಗೆ ಬನ್ನಿ ಎಲಿ ಕೊಡಾಕೆ ಹೋಗಬೇಕು, ಇದರಾಗೇ" ಅಂದರು.